ಡಿಪ್ಲಾಯರ್ ರೋಲ್ ಕೊಟ್ರೂ ಹೊಸ ಹುಡುಗ ಎಲ್ಲಾ ಮಾಡ್ತಿದಾನೆ, ವೈಲ್ಡ್‌ಫ್ಲೈ (ಜಾವಾ ಆ್ಯಪ್ ಓಡಿಸೋ ಸರ್ವರ್) ಗೊತ್ತಿರೋರು ಸಹಾಯ ಮಾಡಿ
ಫ್ರೆಂಡ್ಸ್, ಟೀಮಿಗೆ ಹೊಸದಾಗಿ ಬಂದ ಹುಡುಗನಿಗೆ ವೈಲ್ಡ್‌ಫ್ಲೈನಲ್ಲಿ ಯೂಸರ್ ಮಾಡಿ ಡಿಪ್ಲಾಯರ್ ರೋಲ್ ಮ್ಯಾಪ್ ಮಾಡಿದ್ದೆ, ವಾರ್ ಫೈಲ್ (ಆ್ಯಪ್‌ನ ಪ್ಯಾಕೇಜ್) ಹಾಕೋದಷ್ಟೇ ಅವನ ಕೆಲಸ ಅಂತ, ಆದ್ರೆ ನಿನ್ನೆ ನಾನು ಊಟ ಮುಗಿಸಿ ಬರೋಷ್ಟ್ರಲ್ಲಿ 9990 ಪೋರ್ಟಿನ ಅಡ್ಮಿನ್ ಕನ್ಸೋಲಲ್ಲಿ ಡೇಟಾಸೋರ್ಸನ್ನೇ (ಡೇಟಾಬೇಸ್ ಕನೆಕ್ಷನ್ ಸೆಟ್ಟಿಂಗ್) ಡಿಲೀಟ್ ಮಾಡಿ ಕೂತಿದ್ದ. ಪಾಪ ಅವನನ್ನ ಬೈದು ಪ್ರಯೋಜನ ಇಲ್ಲ, ಬಟನ್ ಕಂಡ್ತು ಒತ್ತಿದ. ಆಮೇಲೆ ನೋಡಿದ್ರೆ ಪ್ರೊವೈಡರ್ (ಯಾರು ಏನು ಮಾಡ್ಬಹುದು ಅಂತ ತೀರ್ಮಾನಿಸೋ ಸೆಟ್ಟಿಂಗ್) ಇನ್ನೂ ಸಿಂಪಲ್ಲಲ್ಲೇ ಇದೆ, ಅದಿರೋವರೆಗೂ ಮ್ಯಾಪಿಂಗ್ ಲೆಕ್ಕಕ್ಕೇ ಇಲ್ಲ, ಲಾಗಿನ್ ಆದೋರೆಲ್ಲ ಸೂಪರ್‌ಯೂಸರೇ!

ಈಗ ಆರ್‌ಬಿಎಸಿಗೆ (ರೋಲ್ ನೋಡಿ ಅನುಮತಿ ಕೊಡೋ ಪ್ರೊವೈಡರ್) ಬದಲಾಯಿಸ್ಬೇಕು. ಆದ್ರೆ ಸೂಪರ್‌ಯೂಸರ್ ಕೆಳಗೆ ಡಾಲರ್-ಲೋಕಲ್ (ಸರ್ವರ್ ಇರೋ ಮೆಷಿನಿಂದಲೇ ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗೋ ಯೂಸರ್) ಒಂದೇ ಇದೆ, ನನ್ನ ಯೂಸರ್ ಇಲ್ಲ. ಅದನ್ನ ಸೇರಿಸೋದು ಮರೆತು ರೀಲೋಡ್ ಕೊಟ್ರೆ ಕನ್ಸೋಲಿಂದ ನಾನೇ ಹೊರಗಾ? ಅದೇ ಮೆಷಿನಲ್ಲಿ ಸಿಎಲ್‌ಐ (ಕಮಾಂಡ್ ಲೈನ್) ಓಪನ್ ಮಾಡಿ ಸರಿ ಮಾಡ್ಕೋಬಹುದು ಅನ್ಸತ್ತೆ, ಆದ್ರೆ ಪ್ರೊಡಕ್ಷನ್ ಸರ್ವರು, ಟ್ರೈ ಮಾಡೋಕೆ ಧೈರ್ಯ ಬರ್ತಿಲ್ಲ. ಮಾಡಿದೋರು ಯಾರಾದ್ರೂ ಇದ್ರೆ ಹೇಳ್ರಪ್ಪಾ.