ಸಿಮ್ಯುಲೇಶನ್‌ನಾಗ ನೆಟ್ಟಗ ಏರೋ ರ‍್ಯಾಂಪ್ ಮಷೀನಿಗೆ ಹಚ್ಚಿದ್ರ ಎರಡೂವರಿ ವೋಲ್ಟಿಗೆ ನಿಂದರ್ತೈತಿ, ಯಾಕ್ರೀ?

ಬೆಟಗೇರಿ ಹಾಸು:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ದೊಡ್ಡಪ್ಪಾರ ಮನ್ಯಾಗ ಹಾಸು, ಅಂದ್ರ ಮಗ್ಗದ ಉದ್ದನ ಎಳಿ, ಸುತ್ತೋ ಡ್ರಮ್ ಐತಿ. ಮೊದಲ ಕೈಲೆ ತಿರುವ್ತಿದ್ರು. ಈಗ 24 ವೋಲ್ಟಿನ ಡಿಸಿ ಮೋಟರ್, ಅದರ ಸ್ಪೀಡ್ ಹೆಚ್ಚುಕಮ್ಮಿ ಮಾಡಾಕ ಒಂದು ಪಿಡಬ್ಲ್ಯುಎಂ ಕಂಟ್ರೋಲರ್ ಹಚ್ಚೀವಿ. ಸ್ಪೀಡ್ ಇನ್‌ಪುಟ್ಟಿಗೆ 0ಯಿಂದ 5 ವೋಲ್ಟ್ ಕೊಡಬೇಕು. ಸ್ವಿಚ್ ಒತ್ತಿದ ಕೂಡ್ಲೆ ಡ್ರಮ್ ಜಗ್ಗತೈತಿ, ಎಳಿ ಪಟಪಟ ಹರೀತಾವ. ಮೊನ್ನೆ ಮಂಗಳವಾರ ದೊಡ್ಡವ್ವ ಒಂದ ತಾಸಿನ್ಯಾಗ ಹನ್ನೊಂದು ಗಂಟು ಹಾಕಿದ್ಲು. ಆಮ್ಯಾಲೆ ನನ್ನ ಕಡೆ ನೋಡಿ, "ಡಿಪ್ಲೊಮಾ ಮಾಡೀಯಲ್ಲೋ, ಇದಕ್ಕೊಂದು ಏನರ ಮಾಡು" ಅಂದ್ಲು.

ಅದಕ್ಕ ವೋಲ್ಟೇಜ್ ಸಾವಕಾಶ ಏರೋ ಸರ್ಕ್ಯೂಟ್, ಅಂದ್ರ ರ‍್ಯಾಂಪ್, ಮಾಡೀನಿ: ಟ್ರಾನ್ಸಿಸ್ಟರ್ ಒಂದ ಸಮ ಕರೆಂಟ್ ಕೊಟ್ಟು ಕೆಪಾಸಿಟರ್ ತುಂಬತೈತಿ, ಅದರ ವೋಲ್ಟೇಜ್ ಕಂಟ್ರೋಲರಿಗೆ ಹೋಗತೈತಿ. 12 ವೋಲ್ಟ್ ಸಪ್ಲೈ, ಬಿಸಿ 557 ಟ್ರಾನ್ಸಿಸ್ಟರ್, ಬೇಸಿಗೆ ಕೆಂಪು ಎಲ್‌ಇಡಿ. ಎಲ್‌ಇಡಿ ಮ್ಯಾಲೆ 1.8 ವೋಲ್ಟ್, ಅದರಾಗ ಬೇಸ್-ಎಮಿಟರ್ 0.6 ಕಳದ್ರ ಎಮಿಟರ್ ರೆಸಿಸ್ಟರ್ ಮ್ಯಾಲೆ 1.2 ಉಳೀತೈತಿ. ರೆಸಿಸ್ಟರ್ 4.7ಕೆ (ಕಿಲೋಓಮ್), ಅದರ ಸಾಲಿನ್ಯಾಗ 47ಕೆ ಪಾಟ್, ಅಂದ್ರ ತಿರುವೋ ರೆಸಿಸ್ಟರ್. ಅಂದ್ರ 250 ಮೈಕ್ರೊಆಂಪಿನಿಂದ ಸುಮಾರು 25ರ ತನಕ ತಿರುವಬಹುದು. ಕೆಪಾಸಿಟರ್ 100 ಮೈಕ್ರೊಫ್ಯಾರಡ್, ಹಳೇ ಟಿವಿ ಬೋರ್ಡಿಂದ ಕಿತ್ತಿದ್ದು. ಲೆಕ್ಕದ ಪ್ರಕಾರ 5 ವೋಲ್ಟ್ ಏರಾಕ 2ರಿಂದ 20 ಸೆಕೆಂಡ್.

ಎಲ್‌ಟಿಸ್ಪೈಸ್ ಅನ್ನೋ ಸಿಮ್ಯುಲೇಶನ್ ಸಾಫ್ಟ್‌ವೇರಿನ್ಯಾಗ ಮೊದಲ ಸಲ ಗೆರಿ ಏರಲೇ ಇಲ್ಲ, ಶುರುವಿನಿಂದನ ಮ್ಯಾಲೆ ಅಡ್ಡ ಮಲಗಿತ್ತು. ಕೆಪಾಸಿಟರ್ ಸೊನ್ನೆಯಿಂದ ಶುರು ಆಗ್ಲಿ ಅಂತ ಇನಿಶಿಯಲ್ ಕಂಡಿಶನ್ ಹಾಕಿದ ಮ್ಯಾಲೆ ಪಟ್ಟಿ ಇಟ್ಟು ಎಳದಂಗ ನೆಟ್ಟಗ ಬಂತು. ಆದ್ರ ಖರೇ ಬೋರ್ಡ್ ಕಂಟ್ರೋಲರಿಗೆ ಹಚ್ಚಿ 20 ಸೆಕೆಂಡಿಗೆ ಇಟ್ರ ಹಿಂಗ ಬರತೈತಿ: 5 ಸೆಕೆಂಡಿಗೆ 1 ವೋಲ್ಟ್, 10ಕ್ಕ 1.6, 20ಕ್ಕ 2.2, ಆಮ್ಯಾಲೆ 2.5ಕ್ಕ ನಿಂತುಬಿಡತೈತಿ. ಡ್ರಮ್ ಅರ್ಧಾ ಸ್ಪೀಡಿನ ಮ್ಯಾಲೆ ಹೋಗಂಗಿಲ್ಲ. ಕಂಟ್ರೋಲರ್ ಬಿಚ್ಚಿಟ್ರ 5ಕ್ಕ ಹೋಗತೈತಿ, ಆದ್ರ 20 ಬದ್ಲಿ 26 ಸೆಕೆಂಡ್. ಟ್ರಾನ್ಸಿಸ್ಟರ್ ಎರಡು ಸಲ ಬದಲಿ ಮಾಡೀನಿ.

ಧಾರವಾಡ ಇಸಿ:

ಸಾಫ್ಟ್ ಸ್ಟಾರ್ಟ್ ಇರೋ, ಅಂದ್ರ ತಾನ ಸಾವಕಾಶ ಶುರು ಮಾಡೋ, ಕಂಟ್ರೋಲರ್ ತಗೊಂಡ್ರ ಮುಗೀತಲ್ರಿ. ಇಲ್ಲಂದ್ರ ಆಪ್‌ಆಂಪ್ ಇಂಟಿಗ್ರೇಟರ್ ಮಾಡ್ರಿ, ಅದೂ ರ‍್ಯಾಂಪ್ ಕೊಡತದ, ನಮ್ಮ ಲ್ಯಾಬ್‌ನಾಗ ಅದನ್ನ ಮಾಡಸ್ಯಾರ.

ರಿಪೇರಿ ಕಾಕಾ ಹುಬ್ಬಳ್ಳಿ:

ತಮ್ಮಾ ಧಾರವಾಡ, ಇಂಟಿಗ್ರೇಟರಿಗೆ ಪಾಸಿಟಿವ್ ಕೊಟ್ರ ಔಟ್‌ಪುಟ್ ಕೆಳಗ ಇಳೀತದ, ಅದಕ್ಕ ಮೈನಸ್ ಸಪ್ಲೈನೂ ಬೇಕು. ಅವರ ಹತ್ರ ಇರೋದು ಒಂದ 12 ವೋಲ್ಟ್ ಅಡಾಪ್ಟರ್. ಅವರು ಮಾಡಿದ್ದು ಸರಿ ಅದ, ಬಿಡು.

ಬೆಟಗೇರಿಯವರ, ಟ್ರಾನ್ಸಿಸ್ಟರಿನ ತಪ್ಪಿಲ್ಲ. ನೀವು ಬರದ ಅಂಕಿಯೊಳಗ ಉತ್ತರ ಅದ. 25 ಮೈಕ್ರೊಆಂಪ್ ಹೋಗಿ 2.5 ವೋಲ್ಟಿಗೆ ನಿಂತತಿ ಅಂದ್ರ, ಎಲ್ಲೋ 100ಕೆ ಕೂತದ. ಬರೋ ಕರೆಂಟೆಲ್ಲಾ ಅದ ಕುಡೀಲಿಕತ್ತದ, ಕೆಪಾಸಿಟರಿಗೆ ಉಳಿಯೂದು ಸೊನ್ನೆ. ಇನ್ನೊಂದು ಕಡೆಯಿಂದ ನೋಡ್ರಿ: 10 ಸೆಕೆಂಡಿಗೆ 1.6, ಅದು 2.5ರ ನೂರಕ್ಕ 63-64 ಪಾಲು. ಅಷ್ಟು ತುಂಬಲಿಕ್ಕ ಹಿಡಿಯೋ ಹೊತ್ತಿಗೆ ಟೈಮ್ ಕಾನ್‌ಸ್ಟಂಟ್ ಅಂತಾರ, ಅದು ರೆಸಿಸ್ಟರ್ ಗುಣಿಸು ಕೆಪಾಸಿಟರ್; ಇಲ್ಲಿ 10 ಸೆಕೆಂಡ್. ಅದನ್ನ 100 ಮೈಕ್ರೊಫ್ಯಾರಡ್‌ಲೆ ಭಾಗಿಸಿದ್ರ ಮತ್ತ ಅದ 100ಕೆ. ಕಂಟ್ರೋಲರಿನ ಸ್ಪೀಡ್ ಇನ್‌ಪುಟ್ಟಿನಿಂದ ಗ್ರೌಂಡಿಗೆ, ಕರೆಂಟ್ ಬಂದ್ ಮಾಡಿ, ಮೀಟರ್ ಓಮ್ಸಿಗೆ ಇಟ್ಟು ಅಳೀರಿ.

ನಿಮ್ಮ ಸಿಮ್ಯುಲೇಶನ್‌ನಾಗ ಕಂಟ್ರೋಲರ್ ಇತ್ತೇನು? ಇರಲಿಕ್ಕಿಲ್ಲ. ಕೆಪಾಸಿಟರ್ ಮಗ್ಗಲಕ್ಕ 100ಕೆ ಹಾಕಿ ಮತ್ತ ಓಡಸ್ರಿ.

ಆ 26 ಸೆಕೆಂಡಿನ ಕಥೀನ ಬ್ಯಾರೆ. ಒಂದೋ ಕೆಪಾಸಿಟರ್ ಬರದದ್ದಕ್ಕಿಂತ ದೊಡ್ಡದದ, ಇಲ್ಲಾ ಸೋರಲಿಕತ್ತದ. 2 ಸೆಕೆಂಡಿಗೆ ಇಟ್ಟು ನೋಡ್ರಿ. 2.6 ಬಂದ್ರ ಅಳತಿ ದೊಡ್ಡದು. 2ರ ಆಸುಪಾಸು ಬಂದ್ರ ಸೋರಿಕಿ, ಯಾಕಂದ್ರ 250ರಾಗ 6 ಮೈಕ್ರೊಆಂಪ್ ಹೋದ್ರ ಗೊತ್ತಾಗಂಗಿಲ್ಲ, 25ರಾಗ ಹೋದ್ರ ಗೊತ್ತಾಗತದ. ನಿಮ್ಮಂಥಾ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಷ್ಟು ಸೋರೂದು ದೊಡ್ಡ ಮಾತಲ್ಲ.

ನನಗೂ ಇಂಥಾದ್ದು ಆಗೇದ. ಮುಳ್ಳಿನ ಮೀಟರಿನ ಕಾಲಕ್ಕ ಒಂದು ಟೈಮರ್ ರಿಪೇರಿಗೆ ಬಂದಿತ್ತು. ಮೀಟರ್ ಹಚ್ಚಿದಾಗೊಮ್ಮೆ ಟೈಮ್ ಆಗವಲ್ದು, ತಗದ್ರ ಬರೋಬ್ಬರಿ. ವೋಲ್ಟಿಗೆ 20ಕೆ ಮೀಟರ್, 10 ವೋಲ್ಟ್ ರೇಂಜಿನ್ಯಾಗ 200ಕೆ ಆತು. ಒಂದಿಡೀ ದಿನ ನನ್ನ ಮೀಟರನ್ನ ರಿಪೇರಿ ಮಾಡ್ಲಿಕತ್ತಿದ್ದೆ ಅನ್ರಿ.

ಬೆಟಗೇರಿ ಹಾಸು:

ಕಾಕಾ, ಅಳದೆ. 97ಕೆ! ಸಿಮ್ಯುಲೇಶನ್‌ನಾಗ ಅದನ್ನ ಹಾಕಿದ್ರ ನಾ ಬರದ ಅಂಕಿ ಹೆಚ್ಚುಕಮ್ಮಿ ಹಂಗ ಬಂದ್ವು. ಇನ್ನ 2 ಸೆಕೆಂಡಿಂದು, ಸ್ಟಾಪ್‌ವಾಚ್‌ಲೆ ಆಗಲಿಲ್ಲ, ಮೀಟರಿನ ವಿಡಿಯೋ ತಗದು ಎಣಿಸಿದೆ, 2.1 ಬಂತು. ಅಂದ್ರ ಸೋರಿಕೀನ. ಹೊಸಾ ಎಲೆಕ್ಟ್ರೋಲಿಟಿಕ್ ತರಲ್ಯಾ?

ರಿಪೇರಿ ಕಾಕಾ ಹುಬ್ಬಳ್ಳಿ:

ಬ್ಯಾಡ. ಫ್ಯಾನಿನ ಕೆಪಾಸಿಟರ್ ತರ್ರಿ, 2.5 ಮೈಕ್ರೊಫ್ಯಾರಡ್‌ದು ನಾಕು. ಬೆಟಗೇರಿಯೊಳಗ ಯಾವ ಕರೆಂಟ್ ಸಾಮಾನಿನ ಅಂಗಡಿಗೆ ಹೋದ್ರೂ ಸಿಗತಾವ. ಒಳಗ ಪಾಲಿಪ್ರೊಪಿಲೀನ್ ಹಾಳಿ ಇರತದ, ಸೋರಿಕಿ ಇಲ್ಲದಂಗ. ನಾಕೂ ಪ್ಯಾರಲಲ್ ಕಟ್ಟಿದ್ರ 10 ಮೈಕ್ರೊಫ್ಯಾರಡ್ ಆತು. ಚಂದ ಕಾಣಂಗಿಲ್ಲ, ಕಾಣೂದು ಯಾಕ ಬೇಕು? ಕೆಪಾಸಿಟರ್ ಹತ್ತು ಪಟ್ಟು ಸಣ್ಣದಾತು, ಹಂಗಾಗಿ ಎಮಿಟರಿಗೆ 47ಕೆ, ಪಾಟ್ 470ಕೆ.

ಈಗ 20 ಸೆಕೆಂಡಿಗೆ ಕರೆಂಟ್ ಬರೇ 2.5 ಮೈಕ್ರೊಆಂಪ್. ಕಂಟ್ರೋಲರ್ ನೇರ ಹಚ್ಚೂದು ದೂರದ ಮಾತು. ನಡುವ ಎಲ್‌ಎಂ 358 ಆಪ್‌ಆಂಪ್ ಹಾಕ್ರಿ, ಔಟ್‌ಪುಟ್ ತಿರುಗಿ ಮೈನಸ್ ಇನ್‌ಪುಟ್ಟಿಗೆ, ಬಫರ್: ವೋಲ್ಟೇಜ್ ಅಷ್ಟ ಕೊಡತದ, ಕೆಪಾಸಿಟರಿನ ಕರೆಂಟ್ ಕುಡಿಯಂಗಿಲ್ಲ. ಅದರ ಇನ್‌ಪುಟ್ ಹತ್ತಾರು ನ್ಯಾನೊಆಂಪ್ ಅಷ್ಟ, ಅದೂ ಒಳಗಿಂದ ಹೊರಗ ಬರತದ. ರ‍್ಯಾಂಪ್ ಒಂಚೂರು ಲಗೂ ಏರೀತು, ನಿಂದರಂಗಿಲ್ಲ. ಇನ್ನ ನಿಮ್ಮ ಡಿಜಿಟಲ್ ಮೀಟರ್ 10 ಮೆಗಾಓಮ್ ಇರತದ, 5 ವೋಲ್ಟಿಗೆ ಅರ್ಧಾ ಮೈಕ್ರೊಆಂಪ್ ಕುಡೀತದ, ಅಂದ್ರ ಐದರಾಗ ಒಂದು ಪಾಲು. ಅದಕ್ಕ ಕೆಪಾಸಿಟರ್ ಮ್ಯಾಲೆ ಮೀಟರ್ ಇಡಬ್ಯಾಡ್ರಿ. ಬಫರಿನ ಆಕಡೆ ಅಳೀರಿ.

ಇನ್ನೊಂದು. ಕೆಪಾಸಿಟರ್ 5ಕ್ಕ ನಿಂದರಂಗಿಲ್ಲ, 10ರ ಮ್ಯಾಲೆ ಹೋಗತದ. ಕಂಟ್ರೋಲರ್ ಸುಟ್ಟೀತು. ಬಫರ್ ಆದ ಮ್ಯಾಲೆ 1ಕೆ, ಅಲ್ಲಿಂದ ಗ್ರೌಂಡಿಗೆ 5.1 ವೋಲ್ಟಿನ ಝೀನರ್ ಡಯೋಡ್, ಅದಕ್ಕಿಂತ ಮ್ಯಾಲೆ ಏರಗೊಡಂಗಿಲ್ಲ. ಝೀನರ್ ಕೆಪಾಸಿಟರ್ ಮ್ಯಾಲೆ ಮಾತ್ರ ಹಾಕಬ್ಯಾಡ್ರಿ, 5 ಬರೂಕಿಂತ ಮೊದಲ ಅದೂ ಸೋರತದ.

ಧಾರವಾಡ ಇಸಿ:

ಕಾಕಾ, ಒಂದು ಮಾತು. ಕರೆಂಟ್ ಹೋಗಿ ಲಗೂನ ಬಂದ್ರ ಆ ಫ್ಯಾನ್ ಕೆಪಾಸಿಟರ್ ತುಂಬಿದಂಗ ಇರತದ, ಮೋಟರ್ ಮತ್ತ ಜಗ್ಗತದ. 12 ವೋಲ್ಟಿನ ರಿಲೇ ಒಂದು ಸ್ಟಾರ್ಟ್ ಸ್ವಿಚ್ಚಿನ ಜೋಡಿ ಕಟ್ಟಿ, ಅದರ ಎನ್‌ಸಿ ಕಾಂಟ್ಯಾಕ್ಟಿನಿಂದ, ಅಂದ್ರ ರಿಲೇಗೆ ಕರೆಂಟ್ ಇಲ್ಲದಾಗ ಕೂಡೋ ಕಾಂಟ್ಯಾಕ್ಟಿನಿಂದ, 100 ಓಮ್ ಮೂಲಕ ಕೆಪಾಸಿಟರ್ ಖಾಲಿ ಮಾಡಸ್ರಿ. ಕರೆಂಟ್ ಹೋತು, ರಿಲೇ ಬಿಡ್ತು, ಕೆಪಾಸಿಟರ್ ಖಾಲಿ. ರಿಲೇ ಕಾಯಿಲ್ಲಿಗೆ ಉಲ್ಟಾ ಡಯೋಡ್ ಮರೀಬ್ಯಾಡ್ರಿ.

ರಿಪೇರಿ ಕಾಕಾ ಹುಬ್ಬಳ್ಳಿ:

ಇದು ನನಗ ಹೊಳೀಲಿಲ್ಲ ನೋಡು. ಬರೋಬ್ಬರಿ ಅಂದಿ.

ಬೆಟಗೇರಿ ಹಾಸು:

ನಿನ್ನೆ ರಾತ್ರಿ ಹಚ್ಚಿದೆ. ಫ್ಯಾನ್ ಕೆಪಾಸಿಟರ್ ನಾಕೂ ಟೇಪ್ ಸುತ್ತಿ ಡ್ರಮ್ಮಿನ ಕಾಲಿಗೆ ಕಟ್ಟೀನಿ. 20ಕ್ಕ ಇಟ್ಟಿದ್ದೆ, ಒಂದ ಎಳೀನೂ ಹರೀಲಿಲ್ಲ. ದೊಡ್ಡವ್ವ ಸ್ವಲ್ಪ ಹೊತ್ತು ನೋಡಿದ್ಲು. "ಇದು ಏಳೂದ್ರಾಗ ನಾ ಚಾ ಕುಡದು ಬರ್ತೀನಿ" ಅಂದ್ಲು. ಪಾಟ್ ತಿರುವಿ 7 ಸೆಕೆಂಡಿಗೆ ಇಟ್ಟೀವಿ, ಅದಕ್ಕೂ ಹರೀಲಿಲ್ಲ, 4ಕ್ಕ ಇಟ್ರ ಎರಡು ಹರದ್ವು. ರಿಲೇ ಇನ್ನೂ ಸಿಕ್ಕಿಲ್ಲ. ಅದು ಬರೂತನಕ ಕರೆಂಟ್ ಹೋದ್ರ ಮೊದಲ ಮೇನ್ ಸ್ವಿಚ್ ಬಂದ್ ಮಾಡ್ರಿ ಅಂತ ದೊಡ್ಡಪ್ಪಗ ಗ್ವಾಡಿ ಮ್ಯಾಲೆ ಸುಣ್ಣದ ಕಡ್ಡೀಲೆ ಬರದಿಟ್ಟೀನಿ.