ಆನೆಯಿಂದ ‘ಪೇರಿಸುವುದಕ್ಕೆ’ ಏನನ್ನೋಣ?

ಗೆಳೆಯರೇ,

ಶಿವಮೊಗ್ಗದಲ್ಲಿ ನಡೆಯಲಿರುವ ಸಣ್ಣ ಪ್ರದರ್ಶನವೊಂದಕ್ಕೆ ಹಳೇ ಫೋಟೋಗಳಿಗೆ ಕನ್ನಡದ ಅಡಿಬರಹ ಬರೆಯುತ್ತಿದ್ದೇನೆ. ಬ್ರಿಟಿಷರ ಕಾಲದ ಬರ್ಮಾದ ತೇಗದ ಕೆಲಸದ ಚಿತ್ರಗಳು. ಮೌಲ್ಮೇನ್, ರಂಗೂನ್‌ಗಳಲ್ಲಿ ಸ್ಟುಡಿಯೋ ಇಟ್ಟಿದ್ದ ಜರ್ಮನ್ ಛಾಯಾಗ್ರಾಹಕ ಕ್ಲೀರ್‌ನಂಥವರ ಕಾಲದವು. ದಂತದ ಮೇಲೆ ದಿಮ್ಮಿ ಹೊತ್ತ ಗಂಡಾನೆ, ಹಿಂದೆ ದಿಮ್ಮಿಗಳ ಸಾಲು. ಇಂಗ್ಲಿಷ್ ಅಡಿಬರಹಗಳಲ್ಲಿ ಹೆಚ್ಚಾಗಿ ‘ತೇಗ ಪೇರಿಸುತ್ತಿರುವ ಆನೆ’ ಅಂತ ಮಾತ್ರ ಇರುತ್ತದೆ. ಕುತ್ತಿಗೆ ಮೇಲೆ ಕೂತು ಕಾಲಿನಿಂದಲೇ ಆನೆಗೆ ಹೇಳುತ್ತಿರುವ ಮಾವುತನ ಸುದ್ದಿಯೇ ಇಲ್ಲ. ಕೆಲಸದ ಅರ್ಧ ಪಾಲು ಅವನದು, ಅಲ್ವಾ?

ಕನ್ನಡದಲ್ಲಿ ಅವನನ್ನು ವಾಕ್ಯದೊಳಗೆ ತರುವುದು ಸುಲಭ. ಎಳೆದರೆ ಆನೆ, ಎಳೆಸಿದರೆ ಮಾವುತ. ಹಾಗೇ ಎತ್ತು, ಎತ್ತಿಸು. ‘ಆನೆಯಿಂದ ನಾಟಾ ಎಳೆಸುತ್ತಿರುವ ಮಾವುತ’ ಅಂದರೆ ಇಬ್ಬರೂ ಬಂದರು. ತೊಡಕಾಗಿರುವುದು ‘ಪೇರಿಸು’ ಒಂದೇ. ಅದರಲ್ಲಿ ಆಗಲೇ ‘ಇಸು’ ಇದೆ. ‘ಪೇರಿಸಿಸು’ ಯಾರ ಬಾಯಲ್ಲೂ ಬರುವುದಿಲ್ಲ. ‘ಮಾವುತ ದಿಮ್ಮಿ ಪೇರಿಸುತ್ತಿದ್ದಾನೆ’ ಅಂದರೆ ಕೈಯಲ್ಲೇ ಎತ್ತಿಟ್ಟಂತೆ ಕೇಳಿಸುತ್ತದೆ.

ನನಗೆ ತೋಚಿದ್ದು ‘ಒಟ್ಟಿಸು’. ಸೌದೆ ಒಟ್ಟುತ್ತೇವೆ, ಬಣವೆ ಒಟ್ಟುತ್ತೇವೆ. ಹಾಗಾಗಿ ‘ಆನೆಯಿಂದ ದಿಮ್ಮಿ ಒಟ್ಟಿಸುತ್ತಿರುವ ಮಾವುತ’. ಕಿವಿಗೆ ಹಿತವಾಗಿದೆ. ಆದರೆ ಟನ್ನುಗಟ್ಟಲೆ ತೂಗುವ ದಿಮ್ಮಿಗೆ ಸೌದೆಯ ಮಾತು ಹೊಂದುತ್ತದಾ? ‘ಪೇರಿಸಲು ಹಚ್ಚಿದ’ ಅಂತ ಉತ್ತರ ಕರ್ನಾಟಕದವರು ಹೇಳಬಹುದು. ಮಲೆನಾಡಿನವರಿಗೆ ಅದು ಬೇರೆ ಊರಿನ ಮಾತು. ಸಕ್ರೆಬೈಲು ಆನೆ ಬಿಡಾರದ ಮಾವುತರು, ಅವರ ಸಹಾಯಕರಾದ ಕಾವಾಡಿಗಳ ಜೊತೆ ಒಡನಾಟ ಇರುವವರು, ಕೂಪಿನಲ್ಲಿ (ಮರ ಕಡಿಯುವ ಕಾಡಿನಲ್ಲಿ) ದುಡಿದ ಹಿರಿಯರ ಮಾತು ಕೇಳಿ ಬೆಳೆದವರು ದಯವಿಟ್ಟು ತಿಳಿಸಿ.

ಇನ್ನೊಂದು. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಅದಕ್ಕೇ ಬರ್ಮಾದಲ್ಲಿ ಬುಡದ ಸುತ್ತ ತೊಗಟೆ ಮತ್ತು ಅದರೊಳಗಿನ ಎಳೆ ಪದರವನ್ನು ಕೆತ್ತಿ, ಮರವನ್ನು ಎರಡು ಮೂರು ವರ್ಷ ನಿಂತಲ್ಲೇ ಒಣಗಲು ಬಿಡುತ್ತಿದ್ದರು. ಆಮೇಲೆ ಕಡಿದು, ಹೊಳೆಗೆ ಬಿಟ್ಟು ತೇಲಿಸುತ್ತಿದ್ದರು. ಸದ್ಯಕ್ಕೆ ‘ಬುಡ ಕೆತ್ತಿ ಒಣಗಿಸಿದ ತೇಗ’ ಅಂತ ಬರೆದಿದ್ದೇನೆ. ನಿಮ್ಮ ಕಡೆ ಇದಕ್ಕೆ ಒಂದೇ ಪದ ಇದ್ದರೆ ಅದನ್ನೇ ಹಾಕುವ ಆಸೆ. ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಬರೆಯಿರಿ.