ಪಗಾರ (ಸರ್ಕಾರದ ಪಿಂಚಣಿ) ಪಡತಾಳಿಸೋ ಡ್ಯೂಟಿ ಬಂದದ, ಖೊಟ್ಟಿ ಯಾವುದು ಖರೇ ಯಾವುದು ಹೆಂಗ ಗುರ್ತ ಹಿಡೀಬೇಕ್ರಿ?

ಹೊಸ_ತಲಾಟಿ_586:

ಎಲ್ಲಾರಿಗೂ ನಮಸ್ಕಾರ್ರಿ. ಗ್ರಾಮ ಆಡಳಿತ ಅಧಿಕಾರಿ ಅಂತ ಸೇರಿ ಇನ್ನೂ ವರ್ಷ ಆಗಿಲ್ಲ, ಊರಾಗಂತೂ ಎಲ್ಲಾರೂ ತಲಾಟಿ ಬಾಯಾರ ಅಂತನ ಕರೀತಾರ. ವಿಜಯಪುರ ಜಿಲ್ಲಾ, ಮಹಾರಾಷ್ಟ್ರದ ಗಡಿಗೆ ಹತ್ತಿದ ಸರ್ಕಲ್, ನನ್ನ ಕಡೆ ಮೂರು ಹಳ್ಳಿ ಅದಾವ. ಹೋದ ವಾರ ಒಂದು ಲಿಸ್ಟ್ ಕೈಯಾಗ ಕೊಟ್ರು, 43 ಹೆಸರು, ಸಂಧ್ಯಾ ಸುರಕ್ಷಾ ಅಂದ್ರ ವಯಸ್ಸಾದವರ ಪಿಂಚಣಿ, ವಿಧವಾ ವೇತನ, ಅಂಗವಿಕಲರದು ಎಲ್ಲಾ ಕೂಡಿ. ಡೌಟ್ ಇರೋ ಕೇಸ್ ಅದಾವ, ಮನಿಮನಿಗೆ ಹೋಗಿ ನೋಡಿ ಎಂಟು ದಿನದಾಗ ರಿಪೋರ್ಟ್ ಕೊಡು ಅಂದ್ರು. ಹೆಸರಿನ ಮುಂದ ಕಾರಣ ಅಂತ ಒಂದೊಂದ ಶಬ್ದ ಬರ್ದಾರ, ಮೃತ, ವಲಸೆ, ವಯಸ್ಸು ಕಡಿಮೆ, ಸಿಕ್ಕಿಲ್ಲ, ಅಷ್ಟ.

ಮೊದಲನೇ ದಿನ ವಾಲೀಕಾರನ್ನ (ಊರಿನ ಸಹಾಯಕನ್ನ) ಕರ್ಕೊಂಡು ಹೋದೆ. ಮೊದಲನೇ ಹೆಸರಿಗೆ "ಸಿಕ್ಕಿಲ್ಲ" ಅಂತಿತ್ತು, ಆ ಮುದುಕಿ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತು ಮೊರದಾಗ ಜ್ವಾಳ ಹಸನು ಮಾಡ್ಲಿಕತ್ತಿದ್ಳು. ನನ್ನ ಕೈಯಾಗಿನ ಫೈಲ್ ನೋಡಿ ಕೈ ಅಲ್ಲೇ ನಿಲ್ಲಿಸಿ, "ಯವ್ವಾ, ನಂದು ಬಂದ್ ಮಾಡ್ಲಿಕ್ಕೆ ಬಂದೀಯೇನ?" ಅಂದ್ಳು. ನನಗ ಬಾಯಿಗೆ ಮಾತ ಬರ್ಲಿಲ್ರಿ. ಎರಡನೇ ಮನಿಗೆ ಬೀಗ, ಬಾಜೂ ಮನಿಯವರು ಸಾಂಗ್ಲಿ ಕಡೆ ಕಬ್ಬು ಕಡೀಲಿಕ್ಕೆ ಹೋಗ್ಯಾರ, ಕೂಸುಗಳನ್ನ ನೋಡ್ಕೊಳ್ಳಿಕ್ಕೆ ಅಂತ ಮುದುಕನ್ನೂ ಕರ್ಕೊಂಡ ಹೋಗ್ಯಾರ ಅಂದ್ರು. ಅದಕ್ಕಿಂತ ಮುಂದ ಹೋದ್ರ ಎರಡಂತಸ್ತಿನ ಮನಿ, ಅಂಗಳದಾಗ ಕಾರು ಟ್ರ್ಯಾಕ್ಟರ್ ಎರಡೂ ನಿಂತಾವ, ಆ ಮನಿ ಅಜ್ಜಿಗೂ ಪಗಾರ ಬರ್ತದ, ಆಕೀ ಹೆಸರು ಲಿಸ್ಟಿನ್ಯಾಗ ಇಲ್ಲೇ ಇಲ್ಲ. ಊರಾಗ ಯಾರನ್ನ ಕೇಳಿದ್ರೂ ಆಚಿ ಪಾರ್ಟಿಯವರದ ಖೊಟ್ಟಿ ಅಂತಾರ.

ತಪ್ಪಿ ಒಬ್ಬರದು ಬಂದ್ ಮಾಡಿದ್ರ ಅವರ ಅನ್ನಕ್ಕ ಕಲ್ಲ ಹಾಕಿದಂಗ, ಬಿಟ್ಟು ನಾಳೆ ಖೊಟ್ಟಿ ಅಂತ ಸಿಕ್ರ ನನ್ನ ಕೊಳ್ಳಿಗೆ ಬರ್ತದ. ಈ ಕೆಲಸ ಮಾಡಿದವರು ಯಾರಾರ ಇದ್ರ ಹೇಳ್ರಿ, ನೀವು ಏನ ನೋಡ್ತಿದ್ರಿ, ಏನ ಬರೀತಿದ್ರಿ?

ರಿಟೈರ್ಡ್_ಶಿರಸ್ತೇದಾರ:

ತಂಗಿ, ನಾ ಬಾಗಲಕೋಟಿ ಜಿಲ್ಲಾದವ, ಕಂದಾಯ ಇಲಾಖೆದಾಗ 31 ವರ್ಷ ತೆಗದೀನಿ, ಇದೇ ಕೆಲಸ ಭಾಳ ಮಾಡೀನಿ. ನಿನ್ನ ಹೊಟ್ಟಿಯೊಳಗ ಆ ಅಂಜಿಕಿ ಐತಲ್ಲ, ಅದನ್ನ ಕಳ್ಕೋಬ್ಯಾಡ. ಲಿಸ್ಟ್ ಅಂದ್ರ ಎಲ್ಲೆ ನೋಡಬೇಕು ಅಂತ ಹೇಳೂ ಚೀಟಿ ಅಷ್ಟ, ಅದು ತೀರ್ಪಲ್ಲ.

ಮೃತ ಅಂತ ಇದ್ದವರದ ಮೊದಲ ನೋಡು, ಯಾಕಂದ್ರ ಹಳ್ಳ್ಯಾಗಿನ ಜನನ ಮರಣ ರಿಜಿಸ್ಟರ್ ನಿನಗ ನೋಡಾಕ ಸಿಗ್ತೈತಿ, ಇ-ಜನ್ಮ ಅನ್ನೂ ನೋಂದಣಿ ವೆಬ್‌ಸೈಟಿನ್ಯಾಗೂ ನೋಡು. 1969ರ ಕಾಯ್ದೆ ಪ್ರಕಾರ ಸತ್ತ 21 ದಿನದಾಗ ಬರಸಬೇಕು. ಆದ್ರ ಖರೇ ಪರಿಸ್ಥಿತಿ ಏನಂದ್ರ ಹೊಲ ಇದ್ದವರ ಮನ್ಯಾಗ ಸತ್ರ ವಾರಸಾ ಮಾಡಸಾಕ (ಹೊಲ ವಾರಸುದಾರರ ಹೆಸರಿಗೆ ಹಚ್ಚಾಕ) ದಾಖಲೆ ಬೇಕಂತ ತಾವ ಓಡಿ ಬರ್ತಾರ, ಹೊಲ ಇಲ್ಲದವರು ಬರಸೂದ ಇಲ್ಲ, ಸತ್ತವರ ಅಕೌಂಟಿಗೆ ತಿಂಗಳಾ ರೊಕ್ಕ ಬರಕೋಂತ ಇರ್ತೈತಿ, ಎಟಿಎಂ ಕಾರ್ಡ್ ಮನ್ಯಾಗ ಯಾರದರ ಕೈಯಾಗ ಇರ್ತೈತಿ. ಇದು ತಪ್ಪ ಹೌದು, ನಿಲ್ಲಿಸಬೇಕು, ಬ್ಯಾಂಕಿಗೆ ಬರೀಬೇಕು, ತಗೊಂಡದ್ದನ್ನ ವಾಪಸ್ ತುಂಬಿಸಬೇಕು. ಆದ್ರ ಸುದ್ದಿ ಹೇಳದ ಎರಡು ತಿಂಗಳದ್ದು ತಗೊಂಡ ಸೊಸಿನೂ, ಬೇಕಂತ ಎರಡು ವರ್ಷ ತಗೊಂಡವನೂ ಒಂದ ಅಲ್ಲ, ಎಷ್ಟು ತಿಂಗಳು ಯಾವ ತಾರೀಖಿಗೆ ತಗದಾರ ಅನ್ನೂದು ರಿಪೋರ್ಟಿನ್ಯಾಗ ಇರಲಿ.

ವಲಸೆ ಅಂತ ಬರದದ್ದನ್ನ ಕಣ್ಣ ಮುಚ್ಚಿ ನಂಬಬ್ಯಾಡ. ನಿಮ್ಮ ಕಡೆಯವರು ದೀಪಾವಳಿ ಸುತ್ತಮುತ್ತ ಕಬ್ಬಿಗೆ ಹೋದ್ರ ಹೋಳಿ ಹುಣ್ಣಿವಿ ಯುಗಾದಿಗೆ ತಿರುಗಿ ಬರ್ತಾರ, ಅದು ಊರು ಬಿಟ್ಟದ್ದಲ್ಲ, ದುಡಿಯಾಕ ಹೋದದ್ದು. ನೀ "ಊರು ಬಿಟ್ಟಾರ" ಅಂತ ಬರದ್ರ ಆ ಮುದುಕನ ಪಗಾರ ಹೋತು, "ಇಂಥಾ ತಾರೀಖಿಗೆ ಮನಿಗೆ ಬೀಗ ಇತ್ತು, ಕಬ್ಬಿಗೆ ಹೋಗ್ಯಾರ ಅಂತ ಬಾಜೂದವರು ಹೇಳಿದ್ರು" ಅಂತ ಬರದ್ರ ಉಳೀತು. ನೋಡಿದ್ದನ್ನಷ್ಟ ಬರಿ. ಗಡಿಯೊಳಗ ಖರೇ ತಪಾಸ ಮಾಡೂದು ಬ್ಯಾರೇನ ಐತಿ, ಆಚೆ ಮಹಾರಾಷ್ಟ್ರದಾಗ ಸಂಜಯ ಗಾಂಧಿ ನಿರಾಧಾರ ಯೋಜನೆ, ಶ್ರಾವಣಬಾಳ ಅಂತ ಇಂಥವ ಪಿಂಚಣಿ ಅದಾವ, ಒಬ್ಬೊಬ್ಬರು ಜತ್ತ ಕಡೆ ಒಂದು, ಇಲ್ಲೊಂದು ತಗೋತಾರ. ಆ ಊರ ತಲಾಟಿ ನಂಬರ್ ಹಚ್ಚಿ ಮಾತಾಡು, ಅವರೂ ಇದನ್ನ ಹುಡುಕ್ತಿರ್ತಾರ.

ವಯಸ್ಸಿಂದು ಭಾಳ ಸೂಕ್ಷ್ಮ. ಇಂದಿರಾ ಗಾಂಧಿ ಪಿಂಚಣಿಗೆ 60, ಸಂಧ್ಯಾ ಸುರಕ್ಷಾಕ್ಕ 65 ತುಂಬಿರಬೇಕು. ನಮ್ಮ ಹಿರೇರ ಆಧಾರ್ ತಗದು ನೋಡು, ಭಾಳ ಮಂದಿದು ಹುಟ್ಟಿದ್ದು ಜನವರಿ 1ಕ್ಕ ಐತಿ, ಯಾರೋ ಕಂಪ್ಯೂಟರ್ ಮುಂದ ಕುಂತವ ಅಂದಾಜಲೇ ಹೊಡದದ್ದು. ನಾ ಏನ ಮಾಡ್ತಿದ್ದೆ ಅಂದ್ರ ಎಪ್ಪತ್ತೆರಡರ ಬರ ಕೇಳ್ತಿದ್ದೆ. "ಬೇ, ಬರ ಬಿದ್ದಾಗ ನೀ ಎಲ್ಲಿದ್ದಿ? ಲಗ್ನ ಆಗಿತ್ತೇನ?" ಅಂದ್ರ ಸಾಕು, ಜಲ್ಲಿ ಒಡ್ಯಾಕ ಹೋಗಿದ್ದೆ, ಹಿರೇ ಮಗ ಬಗಲಾಗಿದ್ದ ಅಂತ ಎಲ್ಲಾ ಹೇಳ್ತಾರ. ಬಗಲಾಗ ಕೂಸಿದ್ದಾಕಿ ಇವತ್ತ 65 ದಾಟ್ಯಾಳ ಅನ್ನಾಕ ಮತ್ತೇನ ಬೇಕು? ಅದರ ಜೋಡಿ ವೋಟರ್ ಲಿಸ್ಟು, ಹಿರೇ ಮಗನ ಸಾಲಿ ದಾಖಲೆ ಹಚ್ಚು, ಬಾಯಿಮಾತಿನ ಮ್ಯಾಲ ಬಿಡಬ್ಯಾಡ.

ಇನ್ನ ಖರೇ ಕಳ್ಳತನ. ಹೊಳಿ ದಂಡಿ ಮ್ಯಾಗಿನ ಒಂದೂರಾಗ ನಾ ಮನಿಮನಿಗೆ ಹೋದಾಗ "ಪಾಸ್‌ಬುಕ್ ತೋರಸು" ಅಂದೆ, ಐದು ಮಂದಿ ಒಂದ ಮಾತ ಅಂದ್ರು, ಅಂಗಡ್ಯಾಂವನ ಕಡೆ ಐತಿ ಅಂತ. ಹೋಗಿ ನೋಡಿದ್ರ ಸಕ್ರಿ ಚೀಲದ ಹಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನ್ಯಾಗ ಏಳು ಪಾಸ್‌ಬುಕ್ ಇದ್ದು. ಆವಾಗ ಸಂಧ್ಯಾ ಸುರಕ್ಷಾ 1000 ಇತ್ತು, ಅಂವ 700 ಕೊಟ್ಟು ಉಳಿದದ್ದು ತನ್ನ ಪಾಲು ಅಂತ ಇಟ್ಕೋತಿದ್ದ. ಆ ಏಳೂ ಮಂದಿ ಲಿಸ್ಟಿನ ಪ್ರಕಾರ ಬರೊಬ್ಬರಿ ಇದ್ರು, ಯಾರ ಮ್ಯಾಲೂ ಡೌಟ್ ಇರಲಿಲ್ಲ. ಅದಕ್ಕ ಪ್ರತಿ ಮನ್ಯಾಗ ಪಾಸ್‌ಬುಕ್ ಕೇಳೂದು ಮರೀಬ್ಯಾಡ, ಕಡೀ ಎಂಟ್ರಿ ಯಾವಾಗ ಆಗೇತಿ ನೋಡು.

ಪಂಚನಾಮಾಕ್ಕ ಎರಡು ಬ್ಯಾರೆ ಓಣಿಯವರ ಸಹಿ ತಗೋ, ಒಂದ ಪಾರ್ಟಿಯವರು ಬ್ಯಾಡ. ಬಂದ್ ಮಾಡೂ ಆದೇಶ ತಹಸೀಲ್ದಾರ್‌ರದು, ನಿಂದಲ್ಲ, ಆದ್ರ ಅವರು ಸಹಿ ಮಾಡೂದು ನಿನ್ನ ಅಕ್ಷರ ನೋಡಿ. ನೋಟಿಸ್ ಇಲ್ಲದ ಯಾರದೂ ನಿಲ್ಲಬಾರದು ಅಂತ ರಿಪೋರ್ಟಿನ್ಯಾಗ ಬರಿ. ಎಂಟು ದಿನ ಸಾಲೂದಿಲ್ಲಂದ್ರ ಟೈಮ್ ಕೇಳಿ ಬರಕೊಡು, ಬಾಯಿಲೆ ಕೇಳಬ್ಯಾಡ.

ಗುಳೇದಗುಡ್ಡದ_ನೇಕಾರ:

ಅಕ್ಕಾರ, ನಾ ಅಧಿಕಾರಿ ಅಲ್ರಿ, ಆಚಿ ಕಡೆ ನಿಂತವ. ನಮ್ಮವ್ವ 40 ವರ್ಷ ಖಣ ನೇದಾಳ್ರಿ, ಎಳಿ ಹಿಡದು ಹಿಡದು ಹೆಬ್ಬಟ್ಟು ನುಣ್ಣಗ ಆಗಿಬಿಟ್ಟೈತಿ, ಗೆರಿನ ಇಲ್ಲ. ಎರಡು ವರ್ಷದ ಹಿಂದ ಪಗಾರ ನಿಂತ್ತು, ಯಾಕಂತ ಕೇಳಿದ್ರ ಮೃತ ಅಂತ ಬಂದೈತಿ ಅಂದ್ರು. ಅವ್ವನ್ನ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಆಫೀಸಿಗೆ ಹೋದೆ, ಎದುರಿಗೆ ನಿಂತಾಳ್ರಿ, ಆದ್ರೂ ಹೆಬ್ಬಟ್ಟು ಒತ್ತಸ್ರಿ ಅಂದ್ರು. ಮಷೀನ್ ಮ್ಯಾಲ ಒತ್ತಿದ್ಳು ಕೆಂಪ ಲೈಟು, ಸೆರಗಿಗೆ ಒರಿಸಿ ಮತ್ತ ಒತ್ತಿದ್ಳು ಕೆಂಪ, ನೀರ ಹಚ್ಚಿ ಒತ್ತಿದ್ಳು ಕೆಂಪ. ಹತ್ತೂ ಬೆರಳ ಆದ್ರೂ ಆಗಲಿಲ್ಲ. ಆಮ್ಯಾಲ ನಮ್ಮವ್ವ ತನ್ನ ಕೈನ ತಿರಿವಿ ತಿರಿವಿ ನೋಡ್ಕೊಂಡ್ಳು, ಅದನ್ನ ನೆನಸ್ಕೊಂಡ್ರ ಈಗೂ ನನಗ ಕಣ್ಣಾಗ ನೀರ ಬರ್ತಾವ.

ಏಳು ತಿಂಗಳು ಬರಲಿಲ್ರಿ, 1200ರಂಗ 8400. ಬಿಪಿ ಗುಳಿಗಿ ಅರ್ಧಾ ಮಾಡಿ ತಗೋತಿದ್ಳು ಅನ್ನೂದು ನನಗ ಭಾಳ ದಿನದ ಮ್ಯಾಲ ಗೊತ್ತಾತು. ಮತ್ತ ಚಾಲೂ ಆತು, ಆದ್ರ ಆ ಏಳು ತಿಂಗಳದ್ದು ಇವತ್ತಿಗೂ ಬಂದಿಲ್ಲ. ಹೆಬ್ಬಟ್ಟು ಬರದಿದ್ರ ಕಣ್ಣಿನ ಸ್ಕ್ಯಾನ್ ಮಾಡ್ತಾರಂತ ನಮಗ ಯಾರೂ ಹೇಳಿರಲಿಲ್ಲ. ನೀವು ನೇಕಾರರು, ಬೀಡಿ ಕಟ್ಟೋರು, ಸುಣ್ಣದ ಕೆಲಸದೋರು ಇದ್ದ ಮನಿಗೆ ಹೋದ್ರ ಮಷೀನ್ ಹೇಳಿದ್ದನ್ನ ಕೇಳಬ್ಯಾಡ್ರಿ, ಮಾರಿ ನೋಡ್ರಿ, ಫೋಟೋ ತಗೊಂಡು ಜೀವಂತ ಅದಾರ ಅಂತ ಅವತ್ತ ಬರೀರಿ. ನಿಮ್ಮ ಕೈ ಮುಗೀತೀನ್ರಿ.

ಗಡಿ_ರೇಷನ್:

ನಾ ಚಿಕ್ಕೋಡಿ ಕಡೆಯಂವ, ಫುಡ್ ಇನ್ಸ್‌ಪೆಕ್ಟರ್ ಜೋಡಿ ಫೀಲ್ಡಿಗೆ ಹೋಗಿ ರೇಷನ್ ಕಾರ್ಡ್ ಪಡತಾಳಣಿ ಮಾಡೀನಿ. ಸಾಹೇಬ್ರು ಹೇಳಿದ್ದು ಖರೇ ಐತಿ, ಆದ್ರ ಎಲ್ಲಾರೂ ಪಾಪದವರು ಅಂತ ಹೋದ್ರೂ ಆಗಂಗಿಲ್ರಿ. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ದಾಟಿರಬಾರದು, ಸ್ವಂತಕ್ಕ ನಾಲ್ಕು ಗಾಲಿ ಗಾಡಿ ಇರಬಾರದು, ಸರ್ಕಾರಿ ನೌಕರಿ ಇರಬಾರದು, ಇಷ್ಟೆಲ್ಲಾ ಗೊತ್ತಿದ್ದೂ ಕಾರ್ಡ್ ಒಡಸ್ತಾರ. ಒಡಸೂದಂದ್ರ ಅವ್ವ ಅಪ್ಪಂದು ಒಂದು ಕಾರ್ಡ್, ಮಗಂದು ಒಂದು, ಆವಾಗ ಅವ್ವ ನಿರ್ಗತಿಕಳು, ಮಗ ಸಾವ್ಕಾರ. ನೀವು ಹೋದಾಗ ಮನ್ಯಾಗ ಒಲಿ ಎಷ್ಟು ಅಂತ ನೋಡ್ರಿ, ಗ್ಯಾಸ್ ಬುಕ್ ಯಾರ ಹೆಸರಿಗೆ, ಕರೆಂಟ್ ಬಿಲ್ ಎಷ್ಟ ಅದಾವ. ಒಲಿ ಒಂದ ಇದ್ರ ಮನಿ ಒಂದ. ಇನ್ನೊಂದು ಮಾತು, ಸಂಧ್ಯಾ ಸುರಕ್ಷಾಕ್ಕ 32 ಸಾವಿರದೊಳಗಿನ ಆದಾಯ ಸರ್ಟಿಫಿಕೇಟ್ ಬೇಕಾಗ್ತೈತಿ, ಕಾರಿನ ಮನಿಗೆ ಅದು ಸಿಕ್ಕಿದ್ದು ತಲಾಟಿ ರಿಪೋರ್ಟ್ ಮ್ಯಾಲನ. ಅದನ್ನ ತಗಸ್ರಿ, ಯಾರ ಸಹಿ ಐತಿ ನೋಡ್ರಿ. ಕಳ್ಳತನ ಅಲ್ಲಿಂದ ಶುರು ಆಗಿರ್ತೈತಿ.

ಮತ್ತ ಇನ್‌ಕಮ್ ಟ್ಯಾಕ್ಸ್ ಕಟ್ತಾರ ಅಂತ ಬಂದ ಹೆಸರಿನ್ಯಾಗ ಎರಡು ನಮೂನಿ ಇರ್ತಾವ. ಟಂಟಂ (ಮೂರು ಗಾಲಿ ಗಾಡಿ) ಸಾಲ ಸಿಗಲಿ ಅಂತ ಗಂಡ ಜೀರೋ ರಿಟರ್ನ್ ಫೈಲ್ ಮಾಡಿರ್ತಾನ, ಒಂದ್ ರೂಪಾಯಿ ಟ್ಯಾಕ್ಸ್ ಕಟ್ಟಿರಂಗಿಲ್ಲ, ಆದ್ರ ಕಂಪ್ಯೂಟರಿನ್ಯಾಗ ಟ್ಯಾಕ್ಸ್ ಕಟ್ಟೋ ಮನಿ ಅಂತ ಬರ್ತೈತಿ, ಹೆಂಡತಿ ಗೃಹಲಕ್ಷ್ಮಿ 2000 ನಿಲ್ತೈತಿ. ರಿಟರ್ನ್ ಕಾಪಿ ತರಸಿ ಟ್ಯಾಕ್ಸ್ ಎಷ್ಟ ಕಟ್ಯಾರ ನೋಡ್ರಿ. 2024ರ ನವೆಂಬರ್‌ನ್ಯಾಗ ಕಾರ್ಡ್ ರದ್ದಾಗಿದ್ದಕ್ಕ ರಾಜ್ಯದ ತುಂಬ ಗದ್ದಲ ಆಗಿ, ಸರ್ಕಾರಿ ನೌಕರರು ಮತ್ತ ಟ್ಯಾಕ್ಸ್ ಕಟ್ಟೋರದು ಬಿಟ್ಟು ಉಳಿದವರದು ವಾಪಸ್ ಕೊಡ್ರಿ ಅಂತ ಸರ್ಕಾರನ ಹೇಳಬೇಕಾತು. ಆಫೀಸಿನ್ಯಾಗ ಕುಂತು ಕಂಪ್ಯೂಟರ್ ನೋಡಿ ತಗದ್ರ ಹಿಂಗ ಆಗೂದು.

ರಿಟೈರ್ಡ್_ಶಿರಸ್ತೇದಾರ:

ಒಲಿ ಎಣಿಸೂ ಮಾತು ಛಲೋ ಹೇಳಿದ್ರಿ. ಆದ್ರ ತಂಗಿ, ಕಾರಿನ ಮನ್ಯಾಗ ಮುದುಕಿ ಎಲ್ಲೆ ಮಲಗ್ತಾಳ ಅನ್ನೂದನ್ನೂ ನೋಡು. ನಾ ಒಂದ್ ಮನ್ಯಾಗ ಮುಂದ ಸೋಫಾ ನೋಡಿ ತಗೀಬೇಕಂತ ಬರ್ಯಾಕ ಪೆನ್ ತಗದಿದ್ದೆ, ಹಿತ್ತಲಕ್ಕ ಹೋದ್ರ ದನದ ಕೊಟಗಿ ಬಾಜೂಕ ತಗಡಿನ ಕೋಲಿ, ಅಲ್ಲೊಂದು ಮೂರು ಕಲ್ಲಿನ ಒಲಿ, ಒಂದ ಗಂಗಾಳ. ಆಕಿಗೆ ಆ ಪಗಾರ ಬಿಟ್ರ ಏನೂ ಇರಲಿಲ್ಲ. ಹಂಗಿದ್ರ ಮಗನ ಮ್ಯಾಲ ಉಪವಿಭಾಗಾಧಿಕಾರಿ ಮುಂದ ಅರ್ಜಿ ಹಾಕಿಸಬೇಕು, ಹಿರಿಯರ ಪೋಷಣೆಗೆ 2007ರ ಕಾಯ್ದೆ ಐತಿ, ತಿಂಗಳಿಗೆ 10,000 ತನಕ ಕೊಡಸಬಹುದು. ಮೊದಲ ಅದು ಆಗಲಿ, ಪಗಾರದ್ದು ಆಮ್ಯಾಲ ನೋಡೂಣು.

ಹೊಸ_ತಲಾಟಿ_586:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಟೈಮ್ ಬೇಕಂತ ಬರ್ದು ಕೊಟ್ಟೆ, ಇನ್ನ 15 ದಿನ ಸಿಕ್ಕವ. ಇವತ್ತಿಗೆ 29 ಮನಿ ಆಗ್ಯಾವ. ಮೃತ ಅಂತ ಇದ್ದ ಎಂಟರಾಗ ಆರು ಮಂದಿ ಖರೇನೇ ತೀರ್ಕೊಂಡಾರ, ಒಬ್ಬರದು ಮಗ 14 ತಿಂಗಳು ಎಟಿಎಂನಿಂದ ತಗದಾನ, ತಾರೀಖಿನ ಸಮೇತ ಬರ್ದೀನಿ, ತುಂಬ್ತೀನಿ ಅಂತ ಬರಕೊಟ್ಟಾನ. ಉಳಿದಿಬ್ಬರು ಜೀವಂತ ಅದಾರ, ಒಬ್ಬಾಕಿ ಬೀಡಿ ಕಟ್ಟೋಕಿ, ನೇಕಾರ ಅಣ್ಣಾರು ಹೇಳಿದ್ದ ಕೈ ಹಂಗ ಅದ. ಕಣ್ಣಿನ ಸ್ಕ್ಯಾನ್ ಮಾಡಿಸಿ ಬಂದೀನಿ, ಆತು.

ಕಾರಿನ ಮನ್ಯಾಗ ಅಜ್ಜಿ ನಡುಮನ್ಯಾಗ ಪಲ್ಲಂಗದ ಮ್ಯಾಲ ಕುಂತಿದ್ಳು, ಒಲಿ ಒಂದ, ಕಾರ್ಡ್ ಮೂರು. ಆದಾಯ ಸರ್ಟಿಫಿಕೇಟಿನ ಕಾಪಿ ಹಚ್ಚಿ ನೋಟಿಸ್ ಕೊಡ್ಸೀನಿ, ಫೋನ್ ಬರ್ಲಿಕತ್ತಾವ, ಬರ್ಲಿ.

ಮತ್ತ ಆ ಮೊದಲನೇ ಮುದುಕಿ, ಜ್ವಾಳ ಹಸನು ಮಾಡ್ಲಿಕತ್ತಿದ್ದಾಕಿ. ತಿರುಗಿ ಹೋಗಿ ಪಾಸ್‌ಬುಕ್ ಕೇಳಿದೆ. ದೇವರ ಜಗಲಿ ಹಿಂದಿಂದ ಅರಿವ್ಯಾಗ ಸುತ್ತಿದ್ದು ತಗದು ಕೊಟ್ಳು, "ಮೂರು ತಿಂಗಳಾತು ಬಂದಿಲ್ಲ ಯವ್ವಾ, ಹೆಬ್ಬಟ್ಟು ಒತ್ತಿದ್ರ ಸರ್ವರ್ ಇಲ್ಲ ಅಂತಾನ" ಅಂದ್ಳು. ಬ್ಯಾಂಕಿಗೆ ಕರ್ಕೊಂಡು ಹೋಗಿ ಎಂಟ್ರಿ ಹೊಡಸಿದ್ರ ಮೂರೂ ತಿಂಗಳು 1200 ಜಮಾ ಆಗ್ಯದ, ಆಕಿ ಹೆಬ್ಬಟ್ಟು ಒತ್ತಿದ ದಿನಾನ 1200 ಖರ್ಚು ಬಿದ್ದದ. ಹಣ ಕೊಡೋ ಪಾಯಿಂಟಿನ ಹುಡುಗ ಒತ್ತಿಸ್ಕೊಂಡು ಕಳಿಸ್ಲಿಕತ್ತಿದ್ದ. ಅದೇ ಪಾಯಿಂಟಿನ್ಯಾಗ ತಗೋಳೋ ಇನ್ನ ನಾಲ್ಕು ಮಂದಿದು ಎಂಟ್ರಿ ಹೊಡಸೀವಿ, ಇಬ್ಬರದು ಹಂಗ ಆಗ್ಯದ. ಮೂವರ ಕಡೆಯಿಂದ ಬ್ಯಾಂಕ್ ಮ್ಯಾನೇಜರ್‌ಗೆ ಮತ್ತ ಪೊಲೀಸ್ ಸ್ಟೇಷನ್ನಿಗೆ ದೂರು ಕೊಡ್ಸೀನಿ, ಹೊಸ ಕಾಯ್ದೆದಾಗ ವಂಚನೆಗೆ 318 ಅಂತ ಅಲ್ಲೇ ಹೇಳಿದ್ರು.

ಕಬ್ಬಿಗೆ ಹೋದ ಮುದುಕನ ಜೋಡಿ ಮಗನ ಫೋನಿನ್ಯಾಗ ವಿಡಿಯೋ ಕಾಲ್ ಮಾಡಿ ಮಾತಾಡೀನಿ, ಹಿಂದ ಕಬ್ಬು ಕಡಿಯೋರ ಕೊಪ್ಪಿ (ಗುಡಿಸಲು) ಕಾಣ್ತಿತ್ತು, ಮೊಮ್ಮಗಳನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡಿದ್ದ. ಅವನ ಹೆಸರಿನ ಮುಂದ "ದುಡಿಯಲು ಹೋಗಿದ್ದಾರೆ, ಹೋಳಿ ಹುಣ್ಣಿಮೆ ನಂತರ ಮನೆಯಲ್ಲಿ ಮತ್ತೆ ಪರಿಶೀಲಿಸುವುದು" ಅಂತ ಬರ್ದೀನಿ. ಇನ್ನ 14 ಮನಿ ಉಳದಾವ, ನಾಳೆ ಮುಂಜಾನೆ ಹೋಗ್ತೀನ್ರಿ.